ಆಟದ ನಾಡಿನ ಕೂಲಿಗಳು

ದುಡಿಮೆ ಮುಗಿದ ಮೇಲೆ ಆಟ. ಇದು ಲೋಕದ ರೂಢಿ. ದಿನವಿಡೀ ಕಚೇರಿಯಲ್ಲಿ ದುಡಿದು ಬಂದವನು ಸಂಜೆ ಒಂದು ಗಳಿಗೆ ಚದುರಂಗದ ಮಣೆಯನ್ನೋ ಇಸ್ಪೀಟಿನ ಎಲೆಗಳನ್ನೋ ಹಿಡಿದು ಕುಳಿತರೆ ಯಾರೂ ತಪ್ಪೆಣಿಸುವುದಿಲ್ಲ. ಧರ್ಮರಾಯನಂತೆ ಪಣವೊಡ್ಡಿ ಕುಳಿತವರ ಮಾತು ಬೇರೆ. ಉಳಿದವರಿಗೆ ಆಟದಲ್ಲಿ ಗೆದ್ದದ್ದು ಆಟದ ಮಣೆಯ ಮೇಲೆಯೇ ಉಳಿಯುತ್ತದೆ. ಪಗಡೆಯ ಕಾಯನ್ನು ಅಂಗಡಿಗೆ ಒಯ್ದು ಅಕ್ಕಿ ಕೊಳ್ಳಲು ಬರುವುದಿಲ್ಲ. ಆಟಕ್ಕೂ ಬಾಳಿಗೂ ನಡುವಣ ಗೋಡೆ ಇದೇ.

ಕಂಪ್ಯೂಟರಿನ ಪರದೆಯ ಮೇಲೆ ಹುಟ್ಟಿದ ಹೊಸ ಆಟಗಳಲ್ಲಿ ಈ ಗೋಡೆ ಕುಸಿದಿದೆ. ಅಲ್ಲಿ ಒಬ್ಬನ ವಿನೋದ ಇನ್ನೊಬ್ಬನ ಹೊಟ್ಟೆಪಾಡು. 'ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ' ಎಂಬ ನಮ್ಮ ಹಳೆಯ ಗಾದೆಗೆ ಇದಕ್ಕಿಂತ ಹೊಸ ಅರ್ಥ ದೊರಕುವುದು ಕಷ್ಟ.

ಈ ಆಟಗಳ ಬಗೆಯನ್ನು ಮೊದಲು ತಿಳಿದುಕೊಳ್ಳಬೇಕು. 1999ರಲ್ಲಿ ಬಂದ ಎವರ್‌ಕ್ವೆಸ್ಟ್, 2004ರ ನವೆಂಬರಿನಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇವು ಇಬ್ಬರು ಎದುರುಬದುರು ಕುಳಿತು ಆಡುವ ಆಟಗಳಲ್ಲ. ಇವು ಒಂದೊಂದೂ ಒಂದು ನಾಡು. ಬೆಟ್ಟ, ಕಾಡು, ಪೇಟೆ, ಸಂತೆ ಎಲ್ಲವೂ ಅಲ್ಲುಂಟು. ಬೇರೆ ಬೇರೆ ದೇಶಗಳಲ್ಲಿ ಕುಳಿತ ಲಕ್ಷಾಂತರ ಜನ ತಿಂಗಳಿಗಿಷ್ಟು ಶುಲ್ಕ ತೆತ್ತು ಅದರೊಳಗೆ ಒಂದೊಂದು ವೇಷ ತಾಳಿ ಸಂಚರಿಸುತ್ತಾರೆ. ವಾರ್‌ಕ್ರಾಫ್ಟಿನ ಚಂದಾದಾರರ ಸಂಖ್ಯೆ 2010ರಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷವನ್ನು ಮುಟ್ಟಿತು. ಈ ನಾಡಿನ ದೊಡ್ಡ ಆಕರ್ಷಣೆ ಸಮಾನತೆ. ಹುಟ್ಟಿನಿಂದ ಬಂದ ಸಿರಿತನವಾಗಲಿ ಬಡತನವಾಗಲಿ ಅಲ್ಲಿಲ್ಲ. ಬ್ಯಾಂಕಿನ ಮ್ಯಾನೇಜರನೂ ಅವನ ಜವಾನನೂ ಒಂದೇ ಹರಕು ಅಂಗಿ, ಒಂದೇ ಮೊಂಡುಕತ್ತಿಯೊಡನೆ ಬಾಳನ್ನು ಆರಂಭಿಸಬೇಕು. ಮೃಗಗಳನ್ನು ಕೊಂದು, ಶತ್ರುಗಳನ್ನು ಗೆದ್ದು, ಚಿನ್ನದ ನಾಣ್ಯಗಳನ್ನು ಕೂಡಿಸಿ ಮೇಲೇರಬೇಕು.

ಕೇಳುವುದಕ್ಕೆ ರಾಮರಾಜ್ಯದಂತಿದೆ. ಆದರೆ ನಾಣ್ಯ ಕೂಡಿಸುವುದು ಬೇಸರದ ಕೆಲಸ. ವೇಗವಾಗಿ ಓಡುವ ಒಳ್ಳೆಯ ಕುದುರೆಯೊಂದಕ್ಕೆ ವಾರ್‌ಕ್ರಾಫ್ಟಿನ ಮೊದಲ ವರ್ಷಗಳಲ್ಲಿ ಸುಮಾರು ಸಾವಿರ ನಾಣ್ಯ ಬೇಕಾಗಿತ್ತು. ಅಷ್ಟನ್ನು ಗಳಿಸಲು ಸಾಮಾನ್ಯ ಆಟಗಾರ ವಾರಗಟ್ಟಲೆ ಒಂದೇ ಮೃಗವನ್ನು ಒಂದೇ ಎಡೆಯಲ್ಲಿ ಮತ್ತೆ ಮತ್ತೆ ಕೊಲ್ಲಬೇಕು. ಅಮೆರಿಕದಲ್ಲೋ ಯೂರೋಪಿನಲ್ಲೋ ಕೈತುಂಬ ಸಂಬಳ ಬರುವ ಮನುಷ್ಯನಿಗೆ ಅಷ್ಟು ಹೊತ್ತೆಲ್ಲಿ? ಹೊತ್ತಿಲ್ಲದವನಲ್ಲಿ ಹಣವುಂಟು, ಹಣವಿಲ್ಲದವನಲ್ಲಿ ಹೊತ್ತುಂಟು. ಇವರಿಬ್ಬರೂ ಸಂಧಿಸಿದಲ್ಲಿ ಸಂತೆ ಸೇರದೆ ಇರುವುದುಂಟೆ? ಕಂಪನಿಯ ಕಟ್ಟಳೆ ನಿಷೇಧಿಸಿದ್ದರೂ ಆಟದ ಚಿನ್ನವನ್ನು ಡಾಲರಿಗೆ ಮಾರುವ ಅಂಗಡಿಗಳು ತಲೆಯೆತ್ತಿದವು. ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞರು 2001ರಲ್ಲೇ ಇಂಥ ಮಾರಾಟದ ಬೆಲೆಗಳನ್ನು ಹಿಡಿದು ಎವರ್‌ಕ್ವೆಸ್ಟಿನ ಕಲ್ಪಿತ ನಾಡಿನ ತಲಾ ಉತ್ಪನ್ನವನ್ನು ಲೆಕ್ಕ ಹಾಕಿದರು. ಅದು 2,266 ಡಾಲರ್ ಆಯಿತು. ಎಲ್ಲಿಯೂ ಇಲ್ಲದ ಆ ನಾಡು ರಷ್ಯಾಕ್ಕೆ ಸರಿಸಮವಾಗಿತ್ತು. ಅಂದಿನ ಭಾರತ, ಚೀನಗಳಿಗಿಂತ ಸಿರಿವಂತವಾಗಿತ್ತು!

ಸಿರಿಯಿದ್ದಲ್ಲಿ ಕೂಲಿಯೂ ಬರಬೇಕಷ್ಟೆ. ಬಂದವರು ಹೆಚ್ಚಾಗಿ ಚೀನದ ತರುಣರು. ಹಳ್ಳಿ ಬಿಟ್ಟು ಕೆಲಸ ಅರಸಿ ಪಟ್ಟಣ ಸೇರಿದವರೂ ಅವರಲ್ಲಿದ್ದರು. ಇಂಗ್ಲಿಷಿನಲ್ಲಿ ಅವರಿಗೆ 'ಗೋಲ್ಡ್ ಫಾರ್ಮರ್' ಎಂದು ಹೆಸರು ಬಿತ್ತು. ಹೊನ್ನಿನ ಬೇಸಾಯಗಾರ ಎಂದು ಹೇಳಬಹುದು. ಜೂಲಿಯನ್ ಡಿಬೆಲ್ ಎಂಬ ಅಮೆರಿಕದ ಲೇಖಕರು ನಾನ್‌ಜಿಂಗ್ ನಗರದ ಇಂಥದೊಂದು ಕಾರ್ಖಾನೆಯನ್ನು ಕಣ್ಣಾರೆ ಕಂಡು 2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾರದ ಸಂಚಿಕೆಗೆ ಬರೆದರು. ಕಾರ್ಖಾನೆಯೆಂದರೆ ಒಂದು ಚಿಕ್ಕ ಕೋಣೆ, ಸಾಲಾಗಿ ಕಂಪ್ಯೂಟರುಗಳು, ಮುಂದೆ ಕುಳಿತ ಹುಡುಗರು. ರಾತ್ರಿಪಾಳಿ ಹನ್ನೆರಡು ಗಂಟೆ. ವಾರಕ್ಕೆ ಏಳು ರಾತ್ರಿ. ತಿಂಗಳಿಗೆ ಎರಡೋ ಮೂರೋ ರಾತ್ರಿ ಬಿಡುವು.

ಅವರ ಕೂಲಿಯ ಲೆಕ್ಕ ಹೀಗಿತ್ತು. ನೂರು ನಾಣ್ಯ ಗಳಿಸಿಕೊಟ್ಟವನಿಗೆ ಹತ್ತು ಯುವಾನ್, ಎಂದರೆ ಅಂದಿನ ಸುಮಾರು ಒಂದೂಕಾಲು ಡಾಲರ್. ಗಂಟೆಯ ಲೆಕ್ಕದಲ್ಲಿ ಮೂವತ್ತು ಸೆಂಟು ಬೀಳುತ್ತಿತ್ತು. ಅದೇ ನೂರು ನಾಣ್ಯವನ್ನು ಧಣಿ ಮೂರು ಡಾಲರಿಗೋ ತುಸು ಹೆಚ್ಚಿಗೋ ದಲ್ಲಾಳಿಗೆ ಮಾರುತ್ತಿದ್ದ. ದಲ್ಲಾಳಿ ಅದನ್ನು ಅಮೆರಿಕದ ಆಟಗಾರನಿಗೆ ಇಪ್ಪತ್ತು ಡಾಲರಿನವರೆಗೂ ಮಾರುತ್ತಿದ್ದ. ಹಳೆಯ ಲೆಕ್ಕ ಬಲ್ಲ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತರಲ್ಲಿ ಒಂದೂಕಾಲು ಎಂದರೆ ಹದಿನಾರರಲ್ಲಿ ಒಂದು ಪಾಲು. ದುಡಿದವನ ಕೈಗೆ ಬಂದದ್ದು ರೂಪಾಯಿಗೆ ಒಂದಾಣೆ! ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ರಿಚರ್ಡ್ ಹೀಕ್ಸ್ ಅವರು 2008ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಇಂಥ ದುಡಿಮೆಗಾರರು ಸುಮಾರು ನಾಲ್ಕು ಲಕ್ಷ; ಸರಾಸರಿ ಸಂಪಾದನೆ ತಿಂಗಳಿಗೆ 145 ಡಾಲರ್.

ಇವರು ಕೂಲಿಗೆ ತಾವಾಗಿ ಬಂದವರು. ತಾವಾಗಿ ಬಾರದವರೂ ಉಂಟು. ಈಶಾನ್ಯ ಚೀನದ ಜಿಕ್ಸಿ ಎಂಬಲ್ಲಿಯ ಶ್ರಮಶಿಬಿರದಲ್ಲಿದ್ದು ಬಂದ ಒಬ್ಬ ಕೈದಿ 2011ರಲ್ಲಿ ಇಂಗ್ಲೆಂಡಿನ ಗಾರ್ಡಿಯನ್ ಪತ್ರಿಕೆಗೆ ತನ್ನ ಅನುಭವವನ್ನು ತಿಳಿಸಿದ. ಹಗಲು ಕಲ್ಲು ಒಡೆಯುವ, ಗಣಿ ಅಗೆಯುವ ಶಿಕ್ಷೆ. ರಾತ್ರಿ ಆಟವಾಡುವ ಶಿಕ್ಷೆ! ಅವನ ಹೇಳಿಕೆಯಂತೆ ಮುನ್ನೂರು ಕೈದಿಗಳು ಹನ್ನೆರಡು ಗಂಟೆಗಳ ಪಾಳಿಯಲ್ಲಿ ಚಿನ್ನ ಕೂಡಿಸುತ್ತಿದ್ದರು. ಕಾವಲುಗಾರರಿಗೆ ದಿನಕ್ಕೆ ಐದಾರು ಸಾವಿರ ಯುವಾನ್ ಆದಾಯ. ಕೈದಿಗಳಿಗೆ ಚಿಕ್ಕಾಸೂ ಇಲ್ಲ. ಗೊತ್ತುಮಾಡಿದಷ್ಟು ಗಳಿಸದವನಿಗೆ ಏಟು. ಆಟವಾಡು ಎಂದು ಮನುಷ್ಯನನ್ನು ಹೊಡೆದ ಸಂಗತಿ ಪುರಾಣಗಳಲ್ಲಿಯೂ ಇರಲಾರದು. ಚೀನದ ಸರ್ಕಾರ ಈ ಬಗೆಯ ಶ್ರಮಶಿಬಿರಗಳ ಪದ್ಧತಿಯನ್ನು 2013ರ ಕೊನೆಯಲ್ಲಿ ರದ್ದುಪಡಿಸಿತು.

ಇಷ್ಟಾದರೆ ಇದು ಲೋಕದ ಎಲ್ಲ ಕಾರ್ಖಾನೆಗಳ ಕತೆಯೇ ಎನ್ನಬಹುದು. ಯೋಚನೆಗೆ ಹಚ್ಚುವ ಸಂಗತಿ ಬೇರೊಂದಿದೆ. ಅದು ಈ ಕೂಲಿಗಳನ್ನು ಉಳಿದ ಆಟಗಾರರು ನಡೆಸಿಕೊಂಡ ರೀತಿ.

ಲಿನೇಜ್ 2 ಎಂಬ ಕೊರಿಯಾ ದೇಶದ ಆಟದಲ್ಲಿ ಕುಳ್ಳರ ಕುಲವೊಂದಿದೆ. ಸತ್ತ ಮೃಗದಿಂದ ಹೆಚ್ಚಿನ ಸರಕನ್ನು ಹಿರಿದು ತೆಗೆಯುವ ಶಕ್ತಿ ಆ ಕುಲಕ್ಕುಂಟು. ಆದುದರಿಂದ ಕೂಲಿಯ ಆಟಗಾರರು ಬಹುಮಂದಿ ಕುಳ್ಳ ಹೆಣ್ಣಿನ ವೇಷವನ್ನೇ ಆರಿಸಿಕೊಂಡರು. ಬಲುಬೇಗ ಅದು ಒಂದು ಜಾತಿಯ ಗುರುತಾಯಿತು. ಅಮೆರಿಕದ ಆಟಗಾರರು ಅಂಥ ವೇಷವನ್ನು ಕಂಡಲ್ಲಿ ತಡೆದು ಇಂಗ್ಲಿಷಿನಲ್ಲಿ ಮಾತನಾಡಿಸುವರು. ಉತ್ತರ ಬಾರದಿದ್ದರೆ ಚೀನದವನೆಂದು ತೀರ್ಮಾನಿಸಿ ಗುಂಪುಗೂಡಿ ಕೊಲ್ಲುವರು. ಯಾವ ಪಾಪವನ್ನೂ ಅರಿಯದೆ ಆ ವೇಷವನ್ನು ಮೆಚ್ಚಿ ತೊಟ್ಟವರು ತಾವು ಅವರಲ್ಲವೆಂದು ಸಾಬೀತು ಮಾಡಬೇಕಾಯಿತು. ನಿಕ್ ಯೀ ಎಂಬ ಸಂಶೋಧಕರು ಇದನ್ನು ಹತ್ತೊಂಬತ್ತನೆಯ ಶತಮಾನದ ಕ್ಯಾಲಿಫೋರ್ನಿಯಾದ ಚೀನೀ ಅಗಸರ ಪಾಡಿಗೆ ಹೋಲಿಸಿದ್ದಾರೆ. ಹೋಲಿಕೆ ತಕ್ಕದ್ದೇ. ಅಲ್ಲಿಯೂ ಮೊದಲಿಗೆ ಚಿನ್ನವಿತ್ತು, ನಿಜವಾದ ಚಿನ್ನ. ಅದನ್ನು ಅಗೆಯಲು ಬಂದ ಪರದೇಶಿಗಳ ಮೇಲೆ 1850ರಲ್ಲಿ ತಿಂಗಳಿಗೆ ಇಪ್ಪತ್ತು ಡಾಲರ್ ತೆರಿಗೆ ಬಿತ್ತು. 1882ರಲ್ಲಿ ಚೀನೀ ಕೂಲಿಗಳು ದೇಶಕ್ಕೆ ಕಾಲಿಡಬಾರದೆಂದು ಅಮೆರಿಕದ ಕಾನೂನೇ ಬಂತು.

ಅದೇ ಕತೆ 2017ರಲ್ಲಿ ರೂನ್‌ಸ್ಕೇಪ್ ಎಂಬ ಆಟದಲ್ಲಿ ಮರುಕಳಿಸಿತು. ಈ ಸಲ ವೆನೆಜುವೆಲಾದವರ ಸರದಿ. ಬೆಲೆಗಳು ಮುಗಿಲು ಮುಟ್ಟಿ, ತಿಂಗಳ ಸಂಬಳದಲ್ಲಿ ವಾರದ ದಿನಸಿಯೂ ಬಾರದಂತಾದ ಆ ದೇಶದಲ್ಲಿ, ಓದಿದ ಹುಡುಗರು ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಹಸಿರು ಘಟಸರ್ಪಗಳನ್ನು ಕೊಂದು, ಅವುಗಳ ಮೂಳೆ ಚರ್ಮಗಳನ್ನು ಮಾರಿ ಮನೆಗೆ ಹಿಟ್ಟು ಎಣ್ಣೆ ತರುತ್ತಿದ್ದರು. ಆಗ ಆಟಗಾರರ ನಡುವೆ ಒಂದು ಕೈಪಿಡಿ ಹರಡಿತು: ವೆನೆಜುವೆಲಾದವರನ್ನು ಗುರುತಿಸಿ ಕೊಲ್ಲುವುದು ಹೇಗೆ ಎಂದು! ಕೊಲೆಯೇನೋ ಪರದೆಯ ಮೇಲಿನದು. ಆದರೆ ಅದರಿಂದ ಹೋದದ್ದು ಒಂದು ಮನೆಯ ಆ ದಿನದ ಊಟ.

ಇವರ ಮೇಲೆ ಹೊರಿಸುವ ಅಪವಾದ, ಇವರು ಆಟವನ್ನು ಕೆಡಿಸುತ್ತಾರೆ ಎಂಬುದು. ಬೆಲೆಯೇರುತ್ತದೆ, ಮೃಗಗಳಿರುವ ಒಳ್ಳೆಯ ಎಡೆಗಳನ್ನೆಲ್ಲ ಇವರೇ ಹಿಡಿದಿರುತ್ತಾರೆ ಎಂಬ ದೂರಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಚಿನ್ನವನ್ನು ಕೊಂಡವರು ಯಾರು? ಕೊಳ್ಳುವವರಿಲ್ಲದೆ ಮಾರುವವನು ಹುಟ್ಟುವನೇ? ಕೊಂಡವನು ಹೊಸ ಕುದುರೆಯೇರಿ ಮಾನ್ಯನಾಗಿ ನಡೆಯುತ್ತಾನೆ. ಅವನಿಗಾಗಿ ದುಡಿದವನು ಬಡಿಸಿಕೊಳ್ಳುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ಇದಕ್ಕೇ. ವಾರ್‌ಕ್ರಾಫ್ಟಿನ ಕಂಪನಿಯಾದರೂ ಇಂಥವರ ಖಾತೆಗಳನ್ನು ಸಾವಿರಗಟ್ಟಲೆ ಮುಚ್ಚಿತು. ಕೊನೆಗೆ 2015ರ ಏಪ್ರಿಲಿನಲ್ಲಿ ತಾನೇ ಒಂದು ಟೋಕನನ್ನು ಮಾರಾಟಕ್ಕಿಟ್ಟಿತು. ಅಮೆರಿಕದಲ್ಲಿ ಅದರ ಬೆಲೆ ಇಪ್ಪತ್ತು ಡಾಲರ್. ಅದನ್ನು ಕೊಂಡು ಆಟದ ಸಂತೆಯಲ್ಲಿ ಬೇರೊಬ್ಬ ಆಟಗಾರನಿಗೆ ಚಿನ್ನಕ್ಕೆ ಮಾರಬಹುದು. ಹಣ ಕೊಟ್ಟು ಚಿನ್ನ ಪಡೆಯುವುದು ಅಂದಿನವರೆಗೆ ಅಪರಾಧವಾಗಿತ್ತು. ಅಂದಿನಿಂದ ಕಂಪನಿಯ ಕಿಟಕಿಯಲ್ಲಿ ಅದು ಮಾನ್ಯ ವ್ಯಾಪಾರವಾಯಿತು.

ಜಮೀನುದಾರಿಕೆಯೊಂದು ಬಾಕಿ ಉಳಿದಿತ್ತು. ಅದೂ ಬಂತು. ವಿಯೆಟ್ನಾಮಿನ ಒಂದು ಕಂಪನಿ ಆಕ್ಸಿ ಇನ್ಫಿನಿಟಿ ಎಂಬ ಆಟವನ್ನು ಹೊರತಂದಿತು. ಇದನ್ನಾಡಲು ಆಗ ಮೊದಲು ಮೂರು ಚಿತ್ರಮೃಗಗಳನ್ನು ಕೊಳ್ಳಬೇಕಾಗಿತ್ತು. 2021ರಲ್ಲಿ ಅವುಗಳ ಬೆಲೆ ನೂರಾರು ಡಾಲರಿಗೆ ಏರಿತು. ಕೊರೋನಾ ಜಾಡ್ಯದಿಂದ ಕೆಲಸ ಕಳೆದುಕೊಂಡಿದ್ದ ಫಿಲಿಪ್ಪೀನ್ಸಿನ ಜನಕ್ಕೆ ಅಷ್ಟು ಹಣವೆಲ್ಲಿಂದ? ಇದ್ದವನು ಮೃಗಗಳನ್ನು ಕೊಟ್ಟ, ಇಲ್ಲದವನು ಆಡಿದ, ಗಳಿಸಿದ್ದರಲ್ಲಿ ಇಬ್ಬರೂ ಪಾಲು ಹಂಚಿಕೊಂಡರು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ವಾರದ ಸಾಗುವಳಿ ಎಂಬ ಹೆಸರು ಅಜ್ಜಂದಿರ ಕಾಲದಿಂದ ಇತ್ತು. ಅಲ್ಲಿ ಇಟ್ಟ ಹೆಸರು ಹೆಚ್ಚು ಸೊಗಸಾದದ್ದು: ಒಡೆಯನಿಗೆ 'ಮ್ಯಾನೇಜರ್', ಒಕ್ಕಲಿಗೆ 'ಸ್ಕಾಲರ್'. ದುಡಿಮೆಗೆ ದೊರೆಯುತ್ತಿದ್ದ ನಾಣ್ಯದ ಬೆಲೆ 2021ರ ಜುಲೈಯಲ್ಲಿ ಮೂವತ್ತು ಸೆಂಟನ್ನು ಮೀರಿತ್ತು. ಮರುವರ್ಷದ ನಡುವಿನ ಹೊತ್ತಿಗೆ ಒಂದು ಸೆಂಟೂ ಉಳಿಯಲಿಲ್ಲ. ಸಾಲದುದಕ್ಕೆ 2022ರ ಮಾರ್ಚಿಯಲ್ಲಿ ಕಳ್ಳರು ಅದರ ಖಜಾನೆಗೆ ಕನ್ನ ಹಾಕಿ ಅರುವತ್ತು ಕೋಟಿ ಡಾಲರಿಗೂ ಮಿಗಿಲಾದ ಹಣವನ್ನು ದೋಚಿದರು. ಸಾಲ ಮಾಡಿ ಮೃಗ ಕೊಂಡವರ ಕೈಯಲ್ಲಿ ಚಿತ್ರಗಳು ಮಾತ್ರ ಉಳಿದವು.

ಹಾಗಾದರೆ ಈ ದುಡಿಮೆಯನ್ನೆಲ್ಲ ನಿಲ್ಲಿಸಿಬಿಟ್ಟರೆ ನ್ಯಾಯ ಸಿಕ್ಕೀತೇ? ಉತ್ತರ ಅಷ್ಟು ಸುಲಭವಲ್ಲ. ವಿಶ್ವಬ್ಯಾಂಕಿಗಾಗಿ 2011ರಲ್ಲಿ ಸಿದ್ಧವಾದ ವರದಿಯೊಂದು ಆಟದ ಕೂಲಿಯನ್ನು ಕಾಫಿಯೊಡನೆ ತೂಗಿ ನೋಡಿತು. ಲೋಕದಲ್ಲಿ ಏಳು ಸಾವಿರ ಕೋಟಿ ಡಾಲರಿನ ಕಾಫಿ ವ್ಯಾಪಾರ ನಡೆದರೆ ಬೆಳೆಯುವ ಬಡದೇಶಗಳಿಗೆ ಉಳಿಯುವುದು ಐನೂರೈವತ್ತು ಕೋಟಿ. ಆಟದ ಸೇವೆಗಳ ವ್ಯಾಪಾರವೋ 2009ರಲ್ಲಿ ಮುನ್ನೂರು ಕೋಟಿ. ಅದರ ಬಹುಪಾಲು ದುಡಿಯುವ ದೇಶಗಳಲ್ಲಿಯೇ ಉಳಿಯಿತು. ಎಂದರೆ ಬೆಳಗಿನ ಕಾಫಿಯ ಲೋಟದಲ್ಲಿರುವ ಅನ್ಯಾಯ ಇದಕ್ಕಿಂತ ಹಿರಿದು! ಅದು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಕಾಫಿ ಕುಡಿಯುವವನ ಎದುರಿಗೆ ತೋಟದ ಆಳು ಬಂದು ನಿಲ್ಲುವುದಿಲ್ಲ. ಆಟದ ನಾಡಿನಲ್ಲಿ ಅವನು ಎದುರಿಗೇ ನಿಂತಿದ್ದ, ಅದೇ ಬಯಲಿನಲ್ಲಿ, ಅದೇ ಮೃಗದ ಮುಂದೆ. ಸಮಾನರ ನಾಡೆಂದು ಬಂದವರಿಗೆ ಅವನ ಮುಖ ಸಹಿಸಲಾಗಲಿಲ್ಲ.

ನಾನ್‌ಜಿಂಗಿನ ಆ ಹುಡುಗರ ವಿಷಯದಲ್ಲಿ ಡಿಬೆಲ್ ಅವರು ಕಂಡ ಸಂಗತಿಯೊಂದನ್ನು ಹೇಳಲೇಬೇಕು. ಹನ್ನೆರಡು ಗಂಟೆಗಳ ಪಾಳಿ ಮುಗಿಸಿ ಹೊರಬಿದ್ದವರಲ್ಲಿ ಕೆಲವರು ಮಲಗಲು ಹೋಗುತ್ತಿರಲಿಲ್ಲ. ನೆಟ್ ಕೆಫೆಗೆ ಹೋಗಿ, ತಮ್ಮ ಕಾಸು ತೆತ್ತು, ಅದೇ ವಾರ್‌ಕ್ರಾಫ್ಟನ್ನು ತಮ್ಮ ಸ್ವಂತ ಹೆಸರಿನ ವೇಷ ತೊಟ್ಟು ಆಡುತ್ತಿದ್ದರು. ಅದೇ ಕಾಡು, ಅದೇ ಕತ್ತಿ, ಅದೇ ದಣಿದ ಬೆರಳು. ಆದರೆ ಆ ಹೊತ್ತಿನಲ್ಲಿ ಗಳಿಸಿದ ನಾಣ್ಯವನ್ನು ಯಾವ ಧಣಿಯೂ ಎಣಿಸುತ್ತಿರಲಿಲ್ಲ. ಗಳಿಸಿದ್ದು ಗಳಿಸಿದವನದೇ ಆಗಿತ್ತು. ಅವರನ್ನು ಕಂಡಲ್ಲಿ ಬಡಿದವರಿಗೆ ಈ ಒಂದು ಸಂಗತಿ ತಿಳಿದಿರಲಿಲ್ಲ: ಕೂಲಿಯವನಿಗೂ ಆಟವೆಂದರೆ ಇಷ್ಟ.