ಬಿದ್ದ ಹಿಮ ಯಾರ ಪಾಲಿಗೆ?

ದೊಡ್ಡ ಹಿಮಪಾತದ ಮರುದಿನ ಬಾಸ್ಟನ್ ನಗರದ ದಕ್ಷಿಣ ಭಾಗದ ಬೀದಿಗಳಲ್ಲಿ ನೋಡಿದರೆ, ರಸ್ತೆಯ ಅಂಚಿನುದ್ದಕ್ಕೂ ಮುರುಕಲು ಕುರ್ಚಿ, ಹಳೆಯ ಬಕೆಟ್ಟು, ಇಸ್ತ್ರಿ ಮಾಡುವ ಹಲಗೆ ಸಾಲಾಗಿ ನಿಂತಿರುತ್ತವೆ. ಬೆಳಗಿನ ಜಾವ ಎದ್ದು ಸಲಿಕೆ ಹಿಡಿದು, ಒಂದು ಕಾರು ನಿಲ್ಲುವಷ್ಟು ಜಾಗದ ಹಿಮ ಗೋರಿದವನು ಕೆಲಸಕ್ಕೆ ಹೊರಡುವ ಮುನ್ನ ಅಲ್ಲೊಂದು ಕುರ್ಚಿ ಇಟ್ಟು ಹೋಗುತ್ತಾನೆ. ರಸ್ತೆ ಊರಿನದು, ಗೋರಿದ ಬೆವರು ಮಾತ್ರ ತನ್ನದು ಎಂಬುದು ಅವನ ವಾದ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರದೂ ಇದೇ ತರ್ಕ. ಟವೆಲ್ ಎಸೆದವನು ಸೀಟಿಗಾಗಿ ಬೆವರು ಸುರಿಸಿರುವುದಿಲ್ಲ, ಅಷ್ಟೇ ವ್ಯತ್ಯಾಸ. ಕುರ್ಚಿ ಸರಿಸಿ ತನ್ನ ಕಾರು ನಿಲ್ಲಿಸಿದ ಧೈರ್ಯಶಾಲಿ ಸಂಜೆ ಬರುವಷ್ಟರಲ್ಲಿ ಟೈರಿನ ಗಾಳಿ ಹೋಗಿರುವುದೂ ಉಂಟು. ಕೊನೆಗೆ ನಗರಾಡಳಿತವೇ ರಾಜಿಗೆ ಬಂದಿತು: ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ಕುರ್ಚಿಯ ಮಾತು ನಡೆಯುತ್ತದೆ, ಆಮೇಲೆ ಅದು ಕಸದ ಲಾರಿಯ ಪಾಲು.

ಚಳಿದೇಶಗಳು ಹಿಮವನ್ನು ಹೇಗೆ ನಿಭಾಯಿಸುತ್ತವೆ ಎಂದು ಕೇಳಿದರೆ ನಾವು ಸಾಮಾನ್ಯವಾಗಿ ಯಂತ್ರಗಳ ಹೆಸರು ಹೇಳುತ್ತೇವೆ, ಇಲ್ಲವೇ ‘ಅವರಿಗೆ ಅಭ್ಯಾಸ’ ಎಂದು ಮುಗಿಸುತ್ತೇವೆ. ಎರಡೂ ಸುಳ್ಳಲ್ಲ. ಆದರೆ ಆ ಕುರ್ಚಿಯನ್ನು ನೋಡಿದಾಗ ನನಗೆ ತೋಚುವುದು ಬೇರೆ. ಆಕಾಶದಿಂದ ಬೀಳುವಾಗ ಹಿಮ ಯಾರದೂ ಅಲ್ಲ, ನೆಲ ಮುಟ್ಟಿದ ಕೂಡಲೇ ಅದು ಯಾರದೋ ಒಬ್ಬರ ಕೆಲಸವಾಗುತ್ತದೆ. ಆ ಒಬ್ಬರು ಯಾರು ಎಂಬುದನ್ನು ಬೇಸಿಗೆಯಲ್ಲೇ ಇತ್ಯರ್ಥ ಮಾಡಿಕೊಂಡ ಊರು ಎರಡು ಮೀಟರ್ ಹಿಮದಲ್ಲೂ ನಡೆಯುತ್ತದೆ. ಮಾಡಿಕೊಳ್ಳದ ಊರು ಎರಡು ಅಂಗುಲಕ್ಕೇ ಕೈ ಚೆಲ್ಲುತ್ತದೆ.

ಎರಡು ಅಂಗುಲ ಎಂದದ್ದು ಅಲಂಕಾರಕ್ಕಲ್ಲ. 2014ರ ಜನವರಿ 28ರಂದು ಅಮೆರಿಕದ ಅಟ್ಲಾಂಟಾದಲ್ಲಿ ಬಿದ್ದದ್ದು ಎರಡೂವರೆ ಅಂಗುಲದ ಆಸುಪಾಸು. ಮಧ್ಯಾಹ್ನದ ಹೊತ್ತಿಗೆ ಹಿಮ ಶುರುವಾಯಿತು. ಶಾಲೆ, ಕಚೇರಿ, ಸರ್ಕಾರಿ ಇಲಾಖೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ‘ಮನೆಗೆ ಹೋಗಿ’ ಎಂದವು. ಇಡೀ ನಗರ ಒಟ್ಟಿಗೆ ರಸ್ತೆಗಿಳಿಯಿತು. ಚಕ್ರಗಳಡಿ ಕರಗಿದ ಹಿಮ ಮತ್ತೆ ಗಾಜಿನಂಥ ಮಂಜುಗಡ್ಡೆಯಾಯಿತು. ಅದರ ಮೇಲೆ ಉಪ್ಪು ಸುರಿಯಬೇಕಿದ್ದ ಲಾರಿಗಳೂ ಅದೇ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡವು. ಸಾವಿರಾರು ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಮಲಗಿದರು, ಹೆದ್ದಾರಿಯಲ್ಲಿ ನಿಂತ ಕಾರಿನಲ್ಲಿ ಒಬ್ಬ ತಾಯಿಗೆ ಹೆರಿಗೆಯಾಯಿತು. ನಗರವನ್ನು ಕಟ್ಟಿಹಾಕಿದ್ದು ಹಿಮಕ್ಕಿಂತ ಹೆಚ್ಚಾಗಿ ಕಾರುಗಳು. ಯಾರು ಮೊದಲು ಹೊರಡಬೇಕು, ಯಾರು ಕಾಯಬೇಕು ಎಂದು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ.

ಇನ್ನು ಕೆನಡಾದ ಮಾಂಟ್ರಿಯಲ್. ಒಂದು ಚಳಿಗಾಲಕ್ಕೆ ಸರಾಸರಿ ಎರಡು ಮೀಟರ್ ಹಿಮ ಬೀಳುವ, ಹತ್ತಾರು ಲಕ್ಷ ಜನರಿರುವ ನಗರ. ಅಲ್ಲಿ ಹಿಮವನ್ನು ಬದಿಗೆ ತಳ್ಳಿ ಬಿಟ್ಟರೆ ಸಾಲದು, ಬದಿಯೇ ಉಳಿಯುವುದಿಲ್ಲ. ಹಾಗಾಗಿ ಎತ್ತಿ ಸಾಗಿಸುತ್ತಾರೆ. ಮೊದಲು ಬೀದಿಯಲ್ಲಿ ಕಿತ್ತಳೆ ಬಣ್ಣದ ಫಲಕ ನೆಡುತ್ತಾರೆ: ಇಂತಿಂಥ ಗಂಟೆಗಳಲ್ಲಿ ಇಲ್ಲಿ ಕಾರು ನಿಲ್ಲಿಸುವಂತಿಲ್ಲ. ಆಮೇಲೆ ಸೈರನ್. ಕಾರು ಎಳೆದೊಯ್ಯುವ ಲಾರಿ ಬೀದಿಯಲ್ಲಿ ಕೂಗುತ್ತಾ ಬರುತ್ತದೆ, ಮಲಗಿದ್ದವರು ರಾತ್ರಿಯುಡುಪಿನ ಮೇಲೆ ಜಾಕೆಟ್ ಏರಿಸಿಕೊಂಡು ಓಡುತ್ತಾರೆ. ಎದ್ದೇಳದವರ ಕಾರು ಪಕ್ಕದ ಯಾವುದೋ ಬೀದಿಗೆ ಹೋಗಿರುತ್ತದೆ, ದಂಡದ ಚೀಟಿಯ ಸಮೇತ. ಅದರ ಹಿಂದೆಯೇ ದೈತ್ಯ ಯಂತ್ರವೊಂದು ಹಿಮವನ್ನು ನುಂಗಿ, ಕೊಳವೆಯ ಮೂಲಕ ಪಕ್ಕದಲ್ಲೇ ಸಾಗುವ ಲಾರಿಗೆ ಉಗುಳುತ್ತದೆ. ಲಾರಿ ತುಂಬಿದರೆ ಯಂತ್ರ ನಿಲ್ಲುವುದಿಲ್ಲ, ಹಿಂದಿನ ಲಾರಿ ಮುಂದೆ ಬಂದು ಅದೇ ಜಾಗ ಹಿಡಿಯುತ್ತದೆ. ಹಿಮದ ಒಂದಷ್ಟು ಭಾಗ ಒಳಚರಂಡಿಗೆ ಹೋಗುತ್ತದೆ, ದೊಡ್ಡ ಪಾಲು ಫ್ರಾಂಕಾನ್ ಎಂಬ ಹಳೆಯ ಸುಣ್ಣಕಲ್ಲಿನ ಕ್ವಾರಿಗೆ. ಅಲ್ಲಿ ಬೆಳೆಯುವ ಬೆಟ್ಟ ಬೇಸಿಗೆಯಲ್ಲೂ ಪೂರ್ತಿ ಕರಗದೆ, ದೂಳು ಮೆತ್ತಿಕೊಂಡು ಕಪ್ಪಗೆ ಕೂತಿರುತ್ತದೆ.

ಇದಕ್ಕೆ ವರ್ಷಕ್ಕೆ 15 ಕೋಟಿ ಕೆನಡಾ ಡಾಲರಿಗೂ ಹೆಚ್ಚು ಖರ್ಚು. ದುಡ್ಡಿದೆ, ಮಾಡುತ್ತಾರೆ ಎನ್ನಬಹುದು. ಆದರೆ ಆ ಸೈರನ್ ದುಡ್ಡಿನಿಂದ ಬಂದದ್ದಲ್ಲ. ನಡುರಾತ್ರಿ ನಿನ್ನ ಕಾರನ್ನು ಎಳೆದೊಯ್ಯುವ ಹಕ್ಕು ಊರಿಗಿದೆ ಎಂದು ಪ್ರತಿಯೊಬ್ಬರೂ, ಗೊಣಗುತ್ತಲೇ ಆದರೂ, ಒಪ್ಪಿಕೊಂಡದ್ದರಿಂದ ಬಂದದ್ದು. ಮಾಂಟ್ರಿಯಲ್ ಇರುವ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಅಲ್ಲಿ ಹೊಸದಾಗಿ ನೆಲೆಸಿದ ಕನ್ನಡಿಗನೂ ಕಾರಿನ ಜೊತೆಗೆ ಎರಡು ಜತೆ ಟೈರಿನ ಲೆಕ್ಕ ಹಾಕಲೇಬೇಕು.

ಹಾಗಾದರೆ ಅಟ್ಲಾಂಟಾವೂ ಮಾಂಟ್ರಿಯಲ್ ಆಗಬೇಕಿತ್ತೇ? ಇಲ್ಲ. ಎಷ್ಟೋ ವರ್ಷಕ್ಕೊಮ್ಮೆ ಬರುವ ಹಿಮಕ್ಕೆಂದು ನೂರಾರು ಯಂತ್ರ ಕೊಂಡು ಶೆಡ್ಡಿನಲ್ಲಿ ತುಕ್ಕು ಹಿಡಿಸುವುದು ಜಾಣತನವಲ್ಲ. ಬ್ರಿಟನ್ನಿನಲ್ಲಿ ಈ ಜಗಳ ಹಳೆಯದು. 1991ರ ಫೆಬ್ರವರಿಯಲ್ಲಿ ಪುಡಿಪುಡಿಯಾದ ಒಣ ಹಿಮ ರೈಲುಗಳ ವಿದ್ಯುತ್ ಮೋಟಾರಿನೊಳಗೆ ನುಗ್ಗಿ ಅವು ಕೆಟ್ಟು ನಿಂತಾಗ, ರೈಲ್ವೆಯವರ ವಿವರಣೆಯನ್ನು ಪತ್ರಿಕೆಗಳು ‘ಬಿದ್ದದ್ದು ಸರಿಯಾದ ಜಾತಿಯ ಹಿಮವಲ್ಲ’ ಎಂದು ಅಚ್ಚು ಮಾಡಿದವು, ದೇಶಕ್ಕೆ ದೇಶವೇ ನಕ್ಕಿತು. ತಾಂತ್ರಿಕವಾಗಿ ಅವರ ಮಾತು ನಿಜವೇ ಆಗಿತ್ತು, ಪಾಪ. 2009ರ ಫೆಬ್ರವರಿ 2ರಂದು ಲಂಡನ್ನಿನ ಬಸ್ಸುಗಳೆಲ್ಲ ನಿಂತವು. ಪ್ರತಿ ಸಲವೂ ‘ಫಿನ್‌ಲೆಂಡಿನವರನ್ನು ನೋಡಿ ಕಲಿಯಿರಿ’ ಎಂಬ ಬೈಗುಳ. ನನ್ನ ಮಟ್ಟಿಗೆ ಆ ಬೈಗುಳ ಅರ್ಧ ತಪ್ಪು. ಅಪರೂಪದ ಹಿಮಕ್ಕೆ ಒಂದು ದಿನ ಊರನ್ನೇ ನಿಲ್ಲಿಸುವುದೂ ಒಂದು ಮರ್ಯಾದೆಯ ಉಪಾಯ. ಆದರೆ ನಿಲ್ಲಿಸುವುದಕ್ಕೂ ಏರ್ಪಾಡು ಬೇಕು: ಮೊದಲೇ ಹೇಳಬೇಕು, ದಿನಗೂಲಿಯವರ ಅಂದಿನ ಸಂಬಳ ಯಾರು ಕೊಡುತ್ತಾರೆ ಎಂಬುದೂ ತೀರ್ಮಾನವಾಗಿರಬೇಕು. ಅಟ್ಲಾಂಟಾ ಓಡುವುದನ್ನೂ ಆಯ್ದುಕೊಳ್ಳಲಿಲ್ಲ, ನಿಲ್ಲುವುದನ್ನೂ ಆಯ್ದುಕೊಳ್ಳಲಿಲ್ಲ.

ಮನೆ ಮುಂದಿನ ಫುಟ್‌ಪಾತಿನ ವಿಷಯಕ್ಕೆ ಬಂದರೆ ಕಾನೂನು ಇನ್ನೂ ಸ್ವಾರಸ್ಯಕರ. ಜರ್ಮನಿಯ ಬಹಳಷ್ಟು ಊರುಗಳಲ್ಲಿ ಬೆಳಿಗ್ಗೆ 7ಕ್ಕೆಲ್ಲ ಮನೆಯೆದುರಿನ ಹಿಮ ತೆಗೆದಿರಬೇಕು. ಅದು ಮಾಲೀಕನ ಹೊಣೆ, ಬಾಡಿಗೆ ಕರಾರಿನಲ್ಲಿ ಬರೆದಿದ್ದರೆ ಬಾಡಿಗೆದಾರನದು. ಸ್ವಾಬಿಯಾ ಸೀಮೆಯ ವಠಾರಗಳಲ್ಲಿ ಈ ವಾರ ಯಾರ ಸರದಿ ಎಂದು ತಿಳಿಸುವ ಪುಟ್ಟ ಹಲಗೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ವರ್ಗವಾಗುತ್ತಾ ಹೋಗುತ್ತದೆ. ದಾರಿಹೋಕ ಜಾರಿ ಬಿದ್ದು ಕಾಲು ಮುರಿದುಕೊಂಡರೆ ಹಲಗೆ ತೂಗುತ್ತಿದ್ದ ಮನೆಯವನಿಗೆ ತಲೆಬಿಸಿ. ಬರ್ಲಿನ್ನಿನಲ್ಲಿ ಮನೆಯವರು ಉಪ್ಪು ಹಾಕುವಂತೆಯೂ ಇಲ್ಲ, ಅದು ಸಾಲುಮರಗಳ ಬೇರಿಗೆ ವಿಷ. ಹಾಗಾಗಿ ಸಣ್ಣ ಜಲ್ಲಿ ಚೆಲ್ಲುತ್ತಾರೆ.

ಇಂಗ್ಲೆಂಡಿನಲ್ಲಿ ತಿರುಗುಮುರುಗು. ಅಲ್ಲಿ ಮನೆ ಮುಂದಿನ ಹಿಮ ತೆಗೆಯಬೇಕೆಂಬ ಕಾನೂನೇ ಇಲ್ಲ. ಅಷ್ಟೇ ಅಲ್ಲ, ತೆಗೆಯಲು ಹೋಗಿ ಅದು ನುಣುಪಾಗಿ, ಯಾರಾದರೂ ಜಾರಿದರೆ ನನ್ನ ಮೇಲೆ ಕೇಸು ಬೀಳುತ್ತದೆ ಎಂಬ ಭಯ ಜನರಲ್ಲಿತ್ತು. 2010ರಲ್ಲಿ ಸರ್ಕಾರವೇ ‘ಹೆದರಬೇಡಿ, ವಿವೇಚನೆಯಿಂದ ತೆಗೆದರೆ ನಿಮ್ಮ ಮೇಲೆ ದಾವೆ ಬರುವ ಸಂಭವ ಬಹಳ ಕಡಿಮೆ’ ಎಂದು ಸೂಚನೆ ಹೊರಡಿಸಬೇಕಾಯಿತು. ಅದೇ 2010ರಲ್ಲಿ ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವೂ ತನ್ನ ಹಳೆಯದೊಂದು ನಿಯಮವನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಹಿಮ ತಾನಾಗಿ ಬಿದ್ದು ಬಿದ್ದಲ್ಲೇ ಇದ್ದರೆ ಮಾಲೀಕ ಹೊಣೆಯಲ್ಲ, ಅದನ್ನು ಮುಟ್ಟಿ ರಾಶಿ ಹಾಕಿದ್ದರೆ ಹೊಣೆ! ಮುಟ್ಟದೆ ಕೈಕಟ್ಟಿ ಕೂತವನೇ ಬಚಾವು. ಹಿಮದ ಬಗ್ಗೆ ಒಂದು ಸಮಾಜದ ಮನಸ್ಸು ತಿಳಿಯಬೇಕಾದರೆ ಯಂತ್ರಗಳಿಗಿಂತ ಇಂಥ ತೀರ್ಪುಗಳನ್ನು ಓದುವುದು ಮೇಲು.

ಯಾರು ತೆಗೆಯಬೇಕು ಎಂಬುದರ ಬೆನ್ನಿಗೇ ಬರುವ ಪ್ರಶ್ನೆ, ಯಾರ ದಾರಿ ಮೊದಲು? 1969ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ 15 ಅಂಗುಲ ಹಿಮ ಬಿತ್ತು. ಮ್ಯಾನ್‌ಹಟನ್ ಬೇಗ ಚೇತರಿಸಿಕೊಂಡಿತು, ಕ್ವೀನ್ಸ್ ಭಾಗದ ಬೀದಿಗಳಿಗೆ ದಿನಗಟ್ಟಲೆ ಯಂತ್ರವೇ ಬರಲಿಲ್ಲ. ನಗರದಲ್ಲಿ ಸತ್ತವರು 42. ಮೇಯರ್ ಜಾನ್ ಲಿಂಡ್ಸೆ ಕ್ವೀನ್ಸ್‌ಗೆ ಹೋದಾಗ ಜನ ಛೀಮಾರಿ ಹಾಕಿ ಕಳಿಸಿದರು. 1979ರಲ್ಲಿ ಷಿಕಾಗೋದ ಮೇಯರ್ ಮೈಕೆಲ್ ಬಿಲಾಂಡಿಕ್ ಕುರ್ಚಿಯನ್ನೇ ಕಳೆದುಕೊಂಡರು. ಹಿಮ ತೆಗೆಯದಿದ್ದುದರ ಜೊತೆಗೆ, ರೈಲುಗಳು ಕಪ್ಪುಜನರ ಬಡಾವಣೆಗಳ ನಿಲ್ದಾಣಗಳಲ್ಲಿ ನಿಲ್ಲದೆ ಹೋದದ್ದನ್ನೂ ಮತದಾರರು ಮರೆಯಲಿಲ್ಲ. ಸ್ವೀಡನ್ನಿನ ಕಾರ್ಲ್‌ಸ್ಕೂಗಾ ಎಂಬ ಪಟ್ಟಣ ಈ ಪ್ರಶ್ನೆಯನ್ನು ಚುನಾವಣೆಗೆ ಬಿಡದೆ ತಾನೇ ಕೇಳಿಕೊಂಡಿತು. ಮೊದಲು ಹೆದ್ದಾರಿ, ಕೊನೆಗೆ ಫುಟ್‌ಪಾತು ಎಂಬ ರೂಢಿಯಿಂದ ಯಾರಿಗೆ ಲಾಭ? ಕಾರಿನಲ್ಲಿ ಕೆಲಸಕ್ಕೆ ಹೋಗುವವರು ಹೆಚ್ಚಾಗಿ ಗಂಡಸರು. ನಡೆದು, ಬಸ್ಸು ಹಿಡಿದು, ಮಗುವಿನ ಗಾಡಿ ತಳ್ಳಿಕೊಂಡು ಹೋಗುವವರು ಹೆಚ್ಚಾಗಿ ಹೆಂಗಸರು, ಜಾರಿ ಬಿದ್ದು ಆಸ್ಪತ್ರೆ ಸೇರುವವರಲ್ಲೂ ಅವರೇ ಹೆಚ್ಚು. ಮೂರು ಅಂಗುಲ ಹಿಮದಲ್ಲಿ ಕಾರು ಹೋಗುತ್ತದೆ, ಮಗುವಿನ ಗಾಡಿ ಹೋಗುವುದಿಲ್ಲ. ಸರಿ, ಕ್ರಮವನ್ನೇ ತಿರುವಿ ಹಾಕಿದರು. 2016ರ ನವೆಂಬರಿನಲ್ಲಿ, ಇಂಥದೇ ನೀತಿಯಿದ್ದ ಸ್ಟಾಕ್‌ಹೋಮಿನಲ್ಲಿ ಆ ತಿಂಗಳಿಗೆ ತೀರ ಅಪರೂಪವಾದಷ್ಟು ಹಿಮ ಬಿದ್ದು ಬಸ್ಸುಗಳು ನಿಂತಾಗ ಕುಹಕಿಗಳಿಗೆ ಹಬ್ಬವಾಯಿತು. ಒಂದು ದಿನದ ಗೊಂದಲ ನೀತಿಯನ್ನು ಸುಳ್ಳು ಮಾಡುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಕಾರಿಗೆ ಮೊದಲ ಪಾಳಿ ಕೊಡುವುದೂ ಒಂದು ನೀತಿಯೇ. ಹಳೆಯದಾದ್ದರಿಂದ ಅದು ನೀತಿ ಎಂದು ಯಾರಿಗೂ ಅನಿಸುವುದಿಲ್ಲ.

ಮೇಲಿನ ಲೆಕ್ಕಕ್ಕೆಲ್ಲ ಒಂದು ತೊಡಕಿದೆ, ಅದು ಜಪಾನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೈಬೀರಿಯಾದಿಂದ ಬರುವ ಒಣ ಚಳಿಗಾಳಿ ಬೆಚ್ಚಗಿನ ಜಪಾನ್ ಸಮುದ್ರವನ್ನು ದಾಟುವಾಗ ನೀರು ಕುಡಿದು, ದ್ವೀಪದ ನಡುವಿನ ಪರ್ವತಗಳಿಗೆ ಬಡಿದು ಅಷ್ಟನ್ನೂ ಹಿಮವಾಗಿ ಸುರಿಯುತ್ತದೆ. ಹಾಗಾಗಿ ಪಶ್ಚಿಮ ಕರಾವಳಿಯ ನಿಗಾಟಾ, ಅವೊಮೊರಿಯಂಥ ಕಡೆ ಜನವಸತಿಯ ಊರುಗಳಲ್ಲೇ ಮೀಟರುಗಟ್ಟಲೆ ಹಿಮ. ನಿಗಾಟಾ ಪ್ರಾಂತ್ಯದ ನಾಗಾವೊಕಾ ಪಟ್ಟಣದವರು 1960ರ ದಶಕದ ಆರಂಭದಲ್ಲಿ ಒಂದು ಚಂದದ ಉಪಾಯ ಕಂಡುಕೊಂಡರು. ಅಂತರ್ಜಲ ಚಳಿಗಾಲದಲ್ಲೂ ಸುಮಾರು 13 ಡಿಗ್ರಿ ಬೆಚ್ಚಗಿರುತ್ತದೆ. ರಸ್ತೆಯ ಮಧ್ಯೆ ಕೊಳವೆ ಹುಗಿದು, ಸಣ್ಣ ತೂತುಗಳಿಂದ ಆ ನೀರನ್ನು ಚಿಮ್ಮಿಸಿದರೆ ಹಿಮ ಬಿದ್ದಲ್ಲೇ ಕರಗುತ್ತದೆ. ನೀರಿನ ಕಬ್ಬಿಣದಂಶದಿಂದ ಅಲ್ಲಿನ ರಸ್ತೆಗಳು ತುಕ್ಕಿನ ಕೆಂಪು ಬಣ್ಣಕ್ಕೆ ತಿರುಗಿವೆ. ಎಲ್ಲರೂ ಪಂಪು ಹಾಕಿ ನೀರೆತ್ತಿದ್ದರಿಂದ ಕೆಲವು ಕಡೆ ನೆಲವೇ ಕುಸಿಯತೊಡಗಿತು. ಕೊಳವೆಬಾವಿಯ ಕಥೆ ನಮಗೇನೂ ಹೊಸದಲ್ಲವಲ್ಲ! ಹೊಕ್ಕೈಡೊದಂಥ ಕೊರೆಯುವ ಚಳಿಯಲ್ಲಿ ಈ ಉಪಾಯ ನಡೆಯುವುದೂ ಇಲ್ಲ, ಚಿಮ್ಮಿದ ನೀರೇ ಗಡ್ಡೆಯಾಗುತ್ತದೆ.

ರಸ್ತೆಯನ್ನು ಊರು ನೋಡಿಕೊಂಡಿತು, ಚಾವಣಿ ಮಾತ್ರ ಮನೆಯವರದೇ. ಒಂದು ಮೀಟರ್ ದಪ್ಪ ಕೂತು ಬಿಗಿದ ಹಿಮ ಒಂದು ಚದರ ಮೀಟರಿಗೆ 300 ಕಿಲೋ ತೂಗುತ್ತದೆ. ನೂರು ಚದರ ಮೀಟರಿನ ಚಾವಣಿಯ ಮೇಲೆ 30 ಟನ್. ತೆಗೆಯದಿದ್ದರೆ ಮನೆ ಉಳಿಯುವುದಿಲ್ಲ. ಹಿಂದೆ ಮನೆಯ ಹುಡುಗರು ಏಣಿ ಹತ್ತುತ್ತಿದ್ದರು. ಆ ಹುಡುಗರು ಟೋಕಿಯೊ ಸೇರಿದ್ದಾರೆ, ಈಗ ಏಣಿ ಹತ್ತುವವರು ಅವರ ಅಪ್ಪಂದಿರು. 2005–06ರ ಚಳಿಗಾಲದಲ್ಲಿ ಜಪಾನಿನಲ್ಲಿ ಹಿಮದಿಂದ ಸತ್ತ 150ಕ್ಕೂ ಹೆಚ್ಚು ಜನರಲ್ಲಿ ಬಹುಪಾಲು 65 ದಾಟಿದವರು, ಹೆಚ್ಚಿನವರು ಹಿಮ ತೆಗೆಯುವಾಗಲೇ ಸತ್ತವರು. ಯಾರು ಗೋರಬೇಕು ಎಂಬ ಬಗ್ಗೆ ಅಲ್ಲಿ ಗೊಂದಲವೇ ಇರಲಿಲ್ಲ. ಕರ್ತವ್ಯ ಸ್ಪಷ್ಟವಾಗಿತ್ತು, ಹೊರುವ ಬೆನ್ನು ಸೋತಿತ್ತು. ಪಾಳುಬಿದ್ದ ಪಕ್ಕದ ಮನೆಯ ಚಾವಣಿಯಿಂದ ಜಾರುವ ರಾಶಿಗೆ ಹೊಣೆ ಯಾರು ಎಂದು ಕೇಳಿದರೆ ವಾರಸುದಾರನ ವಿಳಾಸವೇ ಸಿಗುವುದಿಲ್ಲ. ಒಮ್ಮೆ ಮಾಡಿಕೊಂಡ ಹಂಚಿಕೆ ಸದಾಕಾಲ ನಡೆಯುತ್ತದೆಂದು ನಂಬುವ ಹಾಗಿಲ್ಲ. ಮನೆಗಳ ವಯಸ್ಸು ಬದಲಾದರೆ ಹಿಮದ ಲೆಕ್ಕವನ್ನೂ ಹೊಸದಾಗಿ ಬರೆಯಬೇಕು.

ನಮ್ಮದೇ ದೇಶದ ಲಾಹೌಲ್ ಕಣಿವೆಯವರು ಮೂರನೆಯ ದಾರಿ ಹಿಡಿದಿದ್ದರು: ಹಿಮದೊಂದಿಗೆ ಸೆಣಸುವುದೇ ಬೇಡ. 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ ಮುಚ್ಚಿತೆಂದರೆ ಆರು ತಿಂಗಳ ಹತ್ತಿರ ಹೊರಗಿನ ನಂಟಿರಲಿಲ್ಲ. ಅಷ್ಟರೊಳಗೆ ಸೌದೆ, ಮೇವು, ಕಾಳು ಮನೆ ಸೇರಿರಬೇಕಿತ್ತು. ಕಾಶ್ಮೀರದಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನದ ಚಿಲ್ಲಾಯಿ ಕಲಾನ್, ಆಮೇಲೆ ಇಪ್ಪತ್ತು ದಿನ, ಆಮೇಲೆ ಹತ್ತು ಎಂದು ಚಳಿಯನ್ನೇ ಕಂತು ಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಒಣಗಿಸಿಟ್ಟ ಬದನೆ, ಸೋರೆ, ಟೊಮೇಟೊ ಆಗ ಒಲೆ ಏರುತ್ತವೆ. ಇದನ್ನು ಬಡತನದ ಅನಿವಾರ್ಯ ಎಂದು ತಳ್ಳಿಹಾಕುವುದು ಸುಲಭ, ವೈಭವೀಕರಿಸುವುದು ಅದಕ್ಕಿಂತ ಸುಲಭ. ಬಸುರಿಗೆ ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರಿಗೆ ಕಾಯುವ ಜೀವನದಲ್ಲಿ ವೈಭವವೇನಿಲ್ಲ. 2020ರ ಅಕ್ಟೋಬರ್ 3ರಂದು ರೋಹ್ತಾಂಗ್ ಅಡಿಯ 9.02 ಕಿಲೋಮೀಟರಿನ ಅಟಲ್ ಸುರಂಗ ತೆರೆದಾಗ ಲಾಹೌಲಿಗರು ಸಂಭ್ರಮಿಸಿದ್ದು ಸುಮ್ಮನೆಯೇ?

ಆದರೆ ಸುರಂಗ ಎರಡೂ ಕಡೆಗೆ ತೆರೆದಿರುತ್ತದೆ. ಹಿಮ ಬಿದ್ದರೆ ನಿಲ್ಲಬೇಕು ಎಂಬುದು ಕಣಿವೆಯವರಿಗೆ ಗೊತ್ತು, ಬಯಲಿನಿಂದ ಹಿಮ ನೋಡಲೆಂದೇ ಬರುವವರಿಗೆ ಹಿಮ ಬಿದ್ದರೇ ಹೊರಡುವ ಹುರುಪು. 2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಗಿರಿಧಾಮದಲ್ಲಿ ಹೀಗೆ ಮುಗಿಬಿದ್ದ ಪ್ರವಾಸಿಗರಲ್ಲಿ ಕನಿಷ್ಠ 22 ಮಂದಿ ಹಿಮದಲ್ಲಿ ಹೂತ ಕಾರುಗಳೊಳಗೇ ಸತ್ತರು. ಬೆಚ್ಚಗಿರಲೆಂದು ಎಂಜಿನ್ ಚಾಲೂ ಇಟ್ಟು ಕೂತರೆ, ಹೊಗೆಕೊಳವೆಯ ಬಾಯಿಗೆ ಹಿಮ ಮುಚ್ಚಿಕೊಂಡು ವಿಷಾನಿಲ ಒಳಕ್ಕೇ ತಿರುಗುತ್ತದೆ. ಇಳಿದು ಕೊಳವೆಯ ಸುತ್ತ ಹಿಮ ಕೆದರಬೇಕೆಂದು ಬಯಲಿನವರಿಗೆ ಯಾರು ಹೇಳಿಕೊಟ್ಟಿರುತ್ತಾರೆ? 2024ರ ಡಿಸೆಂಬರಿನಲ್ಲಿ ಮನಾಲಿ ಬಳಿಯ ಸೋಲಾಂಗ್‌ನಿಂದ ಅಟಲ್ ಸುರಂಗದವರೆಗಿನ ದಾರಿಯಲ್ಲಿ ನೂರಾರು ವಾಹನಗಳು ಸಿಕ್ಕಿಕೊಂಡವು, ಪೊಲೀಸರು ರಾತ್ರಿಯೆಲ್ಲ ನಿಂತು ಒಂದೊಂದಾಗಿ ಇಳಿಸಿದರು. ಬೆಂಗಳೂರಿನಿಂದ ಹೋಗಿ ಮನಾಲಿಯಲ್ಲಿ ಬಾಡಿಗೆ ಕಾರು ಹಿಡಿಯುವ ನಮ್ಮವರೂ ಇಂಥ ಸಾಲಿನಲ್ಲಿ ನಿಲ್ಲುವವರೇ. ಹಿಮ ಜೋರಾದ ದಿನ ನಾಲ್ಕೂ ಚಕ್ರ ಎಳೆಯುವ ಗಾಡಿ, ಇಲ್ಲವೇ ಟೈರಿಗೆ ಸರಪಳಿ ಕಟ್ಟಿದ ಗಾಡಿ ಮಾತ್ರ ಮುಂದೆ ಹೋಗಬಹುದು. ಹಿಂದೆ ರೋಹ್ತಾಂಗ್ ತಾನೇ ಮುಚ್ಚಿಕೊಂಡು ಹೇಳುತ್ತಿದ್ದ ಮಾತನ್ನು ಈಗ ಗೇಟಿನ ಬಳಿ ನಿಂತ ಕಾನ್‌ಸ್ಟೇಬಲ್ ಹೇಳಬೇಕಾಗಿದೆ. ಪರ್ವತದ ಜೊತೆ ಯಾರೂ ಚೌಕಾಸಿ ಮಾಡುತ್ತಿರಲಿಲ್ಲ, ಕಾನ್‌ಸ್ಟೇಬಲ್‌ನ ಫೋನಿಗೆ ಶಿಫಾರಸಿನ ಕರೆ ಬರುವುದಕ್ಕೆ ಯಾವ ಹಿಮವೂ ಅಡ್ಡಿಯಲ್ಲ.