ಹಳೇ ಗೇಮ್ ಹಚ್ಚೋ ಹುಡುಗರನ್ನ ಬೈಯೋದು ಬಿಡ್ರಿ

ಸುದ್ದಿಯೊಂದರ ಬೆನ್ನು ಹತ್ತಿ ಗಜೇಂದ್ರಗಡಕ್ಕೆ ಹೋದಾಗ ಪರಿಚಯದ ನೇಕಾರರ ಮನೆಯಲ್ಲಿ ಚಹಾಕ್ಕೆ ಕುಂತಿದ್ದೆ. ಪಿಯುಸಿ ಓದೋ ಮಗ ಮೂಲೆಯಲ್ಲಿ ಹಳೇ ಕಂಪ್ಯೂಟರ್ ಮುಂದೆ ಇದ್ದ. ಅಪ್ಪ ಹೇಳಿದರು: “ನೋಡ್ರಿ ಸರ, ನೀವರ ಬುದ್ಧಿ ಹೇಳ್ರಿ. ಮೂರ ದಿನಾ ಆತು, ಒಂದು ಆಟಾ ಹಚ್ಚಾಕ ಕುಂತಾನ.”

ನಾನು ಹುಡುಗನಿಗೆ ಬುದ್ಧಿ ಹೇಳಲಿಲ್ಲ. ಹೇಳಬೇಕಾದ್ದು ಅಪ್ಪಂದಿರಿಗೆ, ಮಾಸ್ತರರಿಗೆ.

ಆ ಆಟ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07. ಬಂದದ್ದು 2006ರಲ್ಲಿ. ಆಮೇಲೆ ಆ ಕಂಪನಿ ಕಂಪ್ಯೂಟರಿಗೆ ಮತ್ತೊಂದು ಕ್ರಿಕೆಟ್ ಆಟ ಮಾಡಲೇ ಇಲ್ಲ. ಐಪಿಎಲ್ ಶುರುವಾದದ್ದು 2008ರಲ್ಲಿ, ಅಂದರೆ ಆ ಡಿಸ್ಕಿನಲ್ಲಿ ಆರ್‌ಸಿಬಿ ಇರೋಕೆ ಸಾಧ್ಯವೇ ಇಲ್ಲ. ಆದರೂ ನಮ್ಮ ರೋಣ, ನರಗುಂದದ ಹುಡುಗರು ಅದರಲ್ಲಿ ಆರ್‌ಸಿಬಿ ಆಡ್ತಾರೆ. ಹೆಂಗೆ? ದೇಶದ ತುಂಬ ಇರೋ ಹವ್ಯಾಸಿಗಳು ಹೊಸ ಜೆರ್ಸಿ, ಮುಖ, ಮೈದಾನ, ಆಟಗಾರರ ಪಟ್ಟಿ ಮಾಡಿ ಪ್ಯಾಚ್ ಅಂತ ಹಂಚುತ್ತಾರೆ. ಅದೂ ಬಹುಪಾಲು ಪುಕ್ಕಟೆ.

ಹುಡುಗ ಮೂರು ದಿನ ಮಾಡಿದ್ದೇನು ಅಂತ ಕೇಳಿದೆ. ಮೊದಲು ಆಟವನ್ನ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನಲ್ಲಿ ಹಾಕಿದ್ದ, ಪ್ಯಾಚ್ ಕೂಡಲಿಲ್ಲ. ವಿಸ್ಟಾ ಕಾಲದಿಂದ ವಿಂಡೋಸ್ ಆ ಫೋಲ್ಡರಿಗೆ ಕಾವಲು ಹಾಕಿದೆ, ಒಳಗಿನ ಫೈಲ್ ಸುಲಭಕ್ಕೆ ಬದಲಿಸೋಕೆ ಬಿಡೋದಿಲ್ಲ. ಅದು ತಿಳಿದ ಮೇಲೆ ಡಿ ಡ್ರೈವ್‌ನಲ್ಲಿ ಹಾಕಿದ. ಆಮೇಲೆ ಡೈರೆಕ್ಟ್‌ಎಕ್ಸ್ ತಕರಾರು. ಹೊಸ ವಿಂಡೋಸ್‌ನಲ್ಲಿ 12 ಇದ್ದರೂ ಹಳೇ ಆಟ ಕೇಳೋ 9ರ ಕೆಲವು ಫೈಲ್ ಅದರ ಜತೆ ಬರೋದಿಲ್ಲ, ಮೈಕ್ರೋಸಾಫ್ಟ್‌ನ 2010ರ ಕಂತೆ ಬೇರೆ ಹಾಕಬೇಕು. ನಂತರ ಕಂಪ್ಯಾಟಿಬಿಲಿಟಿ ಮೋಡ್. ಪ್ಯಾಚ್ ಹಾಕೋಕೆ ಮೊದಲು ಇಡೀ ಫೋಲ್ಡರಿನ ನಕಲು ತೆಗೆದಿಟ್ಟಿದ್ದ. ಒಂದು ಸಲಕ್ಕೆ ಒಂದೇ ಬದಲಾವಣೆ, ಏನಾಯ್ತು ಅಂತ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ.

ಇದಕ್ಕೆ ಕಂಪ್ಯೂಟರ್ ಕಲಿಕೆ ಅನ್ನದೆ ಮತ್ತೇನಂತೀರಿ? ನಾನೂ ಒಂದು ಕಡೆ ಫೀ ಕಟ್ಟಿ ಮೂರು ತಿಂಗಳು ‘ಬೇಸಿಕ್’ ಮುಗಿಸಿದವನೇ. ಪೇಂಟ್‌ನಲ್ಲಿ ಮನೆ, ಗುಡ್ಡ, ಸೂರ್ಯ ಬಿಡಿಸಿ ಸರ್ಟಿಫಿಕೇಟ್ ತಗೊಂಡೆ. ಫೋಲ್ಡರಿಗೆ ಪರ್ಮಿಷನ್ ಅಂತ ಇರ್ತದೆ ಅನ್ನೋದು ಈ ಹುಡುಗನಿಂದ ಗೊತ್ತಾಯ್ತು.

“ಕಳ್ಳ ಮಾಲು ಅಲ್ಲೇನ್ರಿ ಅದು?” ಅಂತ ಕೆಲವರು ಕೇಳ್ತಾರೆ. ನ್ಯಾಯದ ಪ್ರಶ್ನೆ. ಅಂಗಡಿಯಲ್ಲಿ ಸಿಗದ ಮಾತ್ರಕ್ಕೆ ಕಾಪಿರೈಟ್ ಸತ್ತಿಲ್ಲ. ಎಲ್ಲಿಂದಲೋ ಬಂದ ಪೆನ್‌ಡ್ರೈವ್‌ನಲ್ಲಿ ವೈರಸ್ಸೂ ಬರ್ತದೆ. ‘ಆಂಟಿವೈರಸ್ ಬಂದ್ ಮಾಡಿ ಹಾಕು’ ಅನ್ನೋ ಪ್ಯಾಚನ್ನ ಮುಟ್ಟಬೇಡ ತಮ್ಮಾ. ಆದರೆ ರೊಕ್ಕ ಕೊಟ್ಟು ಅಸಲಿ ಡಿಸ್ಕ್ ತಂದವನ ಕಥೆಯೂ ಕೇಳ್ರಿ. ಆ ಕಾಲದ ಎಷ್ಟೋ ಆಟಗಳಿಗೆ ಸೇಫ್‌ಡಿಸ್ಕ್ ಅನ್ನೋ ಬೀಗ ಇತ್ತು. ಅದರಿಂದ ಭದ್ರತೆಗೆ ಅಪಾಯ ಅಂತ 2015ರಲ್ಲಿ ವಿಂಡೋಸ್ 10 ಬೀಗದ ಡ್ರೈವರನ್ನೇ ಕೈಬಿಟ್ಟಿತು. ಅಸಲಿ ಡಿಸ್ಕ್ ಹಾಕಿದರೂ ಆಟ ತೆರೆಯೋದಿಲ್ಲ. ಕೊಂಡವನ ಮಾಲಿಗೆ ಬೀಗ ಜಡಿದು ಕೀಲಿ ಒಗೆದವರನ್ನ ಯಾರೂ ಬೈಯೋದಿಲ್ಲ!

ಮನಸ್ಸಿದ್ದರೆ ಕಂಪನಿಗಳಿಗೆ ದಾರಿ ಇದೆ. ಡೂಮ್ ಆಟದ ಸೋರ್ಸ್ ಕೋಡನ್ನ ಮಾಡಿದವರೇ 1997ರಲ್ಲಿ ಬಿಟ್ಟುಕೊಟ್ಟರು. ಇದೇ ಇಎ ಕಂಪನಿ 2020ರಲ್ಲಿ ಕಮಾಂಡ್ ಅಂಡ್ ಕಾಂಕರ್‌ನ ಕೋಡ್ ಕೊಟ್ಟಿತು. ಕ್ರಿಕೆಟ್‌ಗೆ ಯಾಕಿಲ್ಲ? ಆಡೋರು ನಾವು ಅಂತಲೇ?

ಇದು ಬರೇ ಆಟದ ಮಾತೂ ಅಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗೀತು. 11 ಹಾಕೋಕೆ ಟಿಪಿಎಂ 2.0 ಬೇಕು, ಹಳೇ ಕಂಪ್ಯೂಟರುಗಳಲ್ಲಿ ಅದಿಲ್ಲ. ನಮ್ಮೂರ ಡಿಟಿಪಿ ಅಂಗಡಿಗಳ ನುಡಿ ಫೈಲುಗಳು, ಹತ್ತಿಪ್ಪತ್ತು ವರ್ಷದ ಲೆಕ್ಕಪತ್ರ ಅಂಥವುಗಳಲ್ಲೇ ಕುಂತಾವೆ. ನಾಳೆ ಅವನ್ನ ಹೊರಗೆ ತೆಗೆಯೋರು ಯಾರು? ಮೂರು ದಿನ ಕುಂತು ಹಳೇದನ್ನ ಹೊಸದರಲ್ಲಿ ಓಡಿಸೋ ಈ ಹುಡುಗರೇ. ಶಾಲೆಯ ಲ್ಯಾಬಿಗೆ ಸಂಜೆ ಬೀಗ ಹಾಕೋ ಬದಲು ಎರಡು ತಾಸು ಇವರ ಕೈಗೆ ಕೊಡ್ರಿ.

ಹುಡುಗ ಕಡೆಗೆ ಆಟಗಾರರ ಪಟ್ಟಿ ತೆರೆದು ಒಂದು ಹೆಸರು ಸೇರಿಸಿದ: ಸುನೀಲ್ ಜೋಶಿ. ನಮ್ಮ ಗದಗಿನವರು, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರಿಗೆ 6 ಮೇಡನ್, 6 ರನ್, 5 ವಿಕೆಟ್. ಮಗ್ಗದ ಕಡೆ ಹೊಂಟಿದ್ದ ಅಪ್ಪ ಆ ಹೆಸರು ಕೇಳಿ ಹೊಳ್ಳಿ ಬಂದು, “ಎಲ್ಲಿ, ಒಂದು ಓವರ್ ಹಾಕು ನೋಡೂಣು” ಅಂದರು.