ಎರೆ ಹೊಲದ ಕೆಸರಿಗೆ ಫೋರ್ ಬೈ ಫೋರ್ ಕಟ್ಟಿಸುವವರಿಗೆ

ಮುಂಗಾರು ಹಿಡಿಯಿತೆಂದರೆ ಹಲಕುಂದಿ ಸುತ್ತಲಿನ ಎರೆ ಹೊಲದ ದಾರಿಗಳಲ್ಲಿ ಬೊಲೆರೊ, ಹಳೇ ಜೀಪುಗಳು ಹೂತುಕೊಳ್ಳುವುದು ಹೊಸ ಸುದ್ದಿಯೇನಲ್ಲ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದ ಮಾರನೇ ದಿನವೇ ಚಹಾದಂಗಡಿಯಲ್ಲಿ ಮಾತು ಶುರುವಾಗುತ್ತದೆ: ‘ಮುಂದಿನ ಗಾಲಿಗೂ ಹೌಸಿಂಗ್ ಕೂಡಿಸಿ ಫೋರ್ ಬೈ ಫೋರ್ ಮಾಡಿಸಿಬಿಡೋಣ.’ ಮಾಡಿಸಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮಾಡಿಸಿ ಎನ್ನುವವರ ಒಂದೊಂದು ಮಾತನ್ನೂ ತೆಗೆದುಕೊಂಡೇ ಉತ್ತರಿಸುತ್ತೇನೆ.

‘ಮ್ಯಾನುವಲ್ ಗೇರಿನ ಗಾಡಿ, ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಕೂಡಿಸಿದರೆ ಮುಗಿಯಿತು’ ಅನ್ನುತ್ತಾರೆ. ಆಟೊಮ್ಯಾಟಿಕ್‌ಗಿಂತ ಇದು ಸಲೀಸು ಎನ್ನುವಷ್ಟು ಮಾತ್ರ ನಿಜ. ಹಿಂದಿನ ಗಾಲಿ ಮಾತ್ರ ಎಳೆಯುವ ಟೂ ವೀಲ್ ಗಾಡಿಯ ಗೇರ್‌ಬಾಕ್ಸಿನ ಬಾಲವನ್ನು ನೇರವಾಗಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್‌ಗೆಂದೇ ಮಾಡಿರುತ್ತಾರೆ. ಟ್ರಾನ್ಸ್‌ಫರ್ ಕೇಸ್ ಕೂರಬೇಕಾದರೆ ಗೇರ್‌ಬಾಕ್ಸ್ ಬಿಚ್ಚಿ ಅದರ ಮೇನ್ ಶಾಫ್ಟನ್ನೂ ಅದರದೇ ಹಿಂದಿನ ಹೌಸಿಂಗನ್ನೂ ಬದಲಿಸಬೇಕಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ಕೂತಷ್ಟು ಉದ್ದಕ್ಕೆ ಹಿಂದಿನ ಶಾಫ್ಟ್ ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಬೇಕು. ಚೇಸಿಯ ಕ್ರಾಸ್ ಮೆಂಬರ್ ಜಾಗ ಬಿಡಬೇಕು. ಬೊಲೆರೊದಂಥ ಗಾಡಿಯಲ್ಲಿ ಮುಂದಿನ ಎರಡೂ ಗಾಲಿ ಬೇರೆ ಬೇರೆಯಾಗಿ ಆಡುತ್ತವೆ. ಗಾಲಿ ಹಿಡಿದಿರುವ ನಕಲ್‌ನಲ್ಲಿ ಆಕ್ಸಲ್ ತೂರಿಸಲು ತೂತೇ ಇರುವುದಿಲ್ಲ. ಡಿಫರೆನ್ಷಿಯಲ್ ಬರಬೇಕಾದ ಕಡೆ ಇಂಜಿನ್ನಿನ ಆಯಿಲ್ ಸಂಪ್ ಅಡ್ಡ ಬರಬಹುದು. ಆಗ ಗಾಡಿಯನ್ನೇ ಎತ್ತರಿಸುತ್ತಾರೆ. ಎತ್ತರಿಸಿದ ಮೇಲೆ ಶಾಫ್ಟಿನ ಕೋನ ಕೆಟ್ಟು ಅದರ ಕೀಲಿನ ಕ್ರಾಸ್ ಬೇಗ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಹೆಚ್ಚು ವಾಲುತ್ತದೆ. ಇಷ್ಟೆಲ್ಲ ಆದಮೇಲೆ ‘ಕೂಡಿಸಿದರೆ ಮುಗಿಯಿತು’ ಎನ್ನಲು ಬರುವುದಿಲ್ಲ.

‘ಗುಜರಿಯಲ್ಲಿ ಜೀಪಿನ ಮುಂದಿನ ಹೌಸಿಂಗ್ ಅಗ್ಗಕ್ಕೆ ಸಿಗುತ್ತದೆ’ ಎನ್ನುವವರು ಒಂದು ಅಂಕಿ ಕೇಳಬೇಕು. ಜೀಪುಗಳ ಕ್ರೌನ್ ಪಿನಿಯನ್ 5.38ರ ಅನುಪಾತದಲ್ಲೂ ಬಂದಿದೆ, 4.88ರಲ್ಲೂ ಬಂದಿದೆ. ಹಿಂದೆ 5.38 ಇದ್ದು ಮುಂದೆ 4.88 ಕೂಡಿಸಿದಿರಿ ಎನ್ನಿ. ಟೈರ್ ಒಂದೇ ಅಳತೆಯದಾದರೂ ಹಿಂದಿನ ಗಾಲಿ 100 ಮೀಟರ್ ಉರುಳುವಷ್ಟರಲ್ಲಿ ಮುಂದಿನದನ್ನು ಸುಮಾರು 110 ಮೀಟರ್ ಉರುಳಿಸಲು ಶಾಫ್ಟ್ ಹಟ ಹಿಡಿಯುತ್ತದೆ. ಈ ಬಗೆಯ ಟ್ರಾನ್ಸ್‌ಫರ್ ಕೇಸಿನಲ್ಲಿ ನಡುವೆ ಡಿಫರೆನ್ಷಿಯಲ್ ಇಲ್ಲ, ಆ ವ್ಯತ್ಯಾಸ ನುಂಗುವವರು ಯಾರೂ ಇಲ್ಲ. ಕೆಸರಿನಲ್ಲಿ ಗಾಲಿ ಜಾರಿ ಹೇಗೋ ಸಾಗುತ್ತದೆ. ಡಾಂಬರಿನ ಮೇಲೆ ಫೋರ್ ವೀಲ್ ಲಿವರ್ ಹಾಕಿಕೊಂಡೇ ಹೊರಟರೆ ಟೈರ್ ಸವೆಯುತ್ತದೆ, ಇಲ್ಲವೇ ಕ್ರಾಸೋ ಗೇರಿನ ಹಲ್ಲೋ ಮುರಿಯುತ್ತದೆ. ಹೌಸಿಂಗಿನ ಮೇಲೆ ತುಕ್ಕು ಹಿಡಿದು ಅನುಪಾತದ ಗುರುತು ಅಳಿಸಿದ್ದರೆ, ಕವರ್ ಬಿಚ್ಚಿ ಕ್ರೌನಿನ ಹಲ್ಲನ್ನೂ ಪಿನಿಯನ್ನಿನ ಹಲ್ಲನ್ನೂ ಎಣಿಸಿ ಭಾಗಿಸಿಯೇ ನೋಡಬೇಕು. ಈ ಲೆಕ್ಕ ಹಾಕದ ಫಿಟ್ಟರ್ ಕೈಗೆ ಗಾಡಿ ಕೊಡಬೇಡಿ.

ಎದುರಾಳಿಗಳ ಅತಿ ಗಟ್ಟಿ ವಾದ ಇನ್ನೊಂದಿದೆ. 2010ರಲ್ಲಿ ಬಂದ ಮೊದಲ ಥಾರ್‌ನ ಡಿಐ ಮಾದರಿಯನ್ನು ಮಹೀಂದ್ರದವರೇ ಟೂ ವೀಲ್‌ನಲ್ಲೂ ಫೋರ್ ವೀಲ್‌ನಲ್ಲೂ ಮಾರಿದರು. ಕಂಪನಿಯದೇ ಸಾಮಾನು ತಂದು ಕೂಡಿಸಿದರೆ ತಪ್ಪೇನು ಎಂಬುದು ಅವರ ಪ್ರಶ್ನೆ. ಯಂತ್ರದ ಮಟ್ಟಿಗೆ ನಾನು ಒಪ್ಪುತ್ತೇನೆ, ಅಲ್ಲಿ ಕೆಲಸ ಅಚ್ಚುಕಟ್ಟಾಗಿ ಆಗಬಲ್ಲದು. ಆದರೆ ಗಾಡಿ ಓಡುವುದು ಸಾರ್ವಜನಿಕ ರಸ್ತೆಯಲ್ಲಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ನಿಗದಿ ಮಾಡಿದ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ತಾಳೆಯಾಗದಂತೆ ಗಾಡಿ ಬದಲಿಸಲು ಮಾಲೀಕರಿಗೆ ಅಧಿಕಾರವಿಲ್ಲ. ಕೇರಳದಿಂದ ಹೋದ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ‘ಆರ್‌ಸಿಯಲ್ಲಿ ಎಳೆಯುವ ಗಾಲಿ ಎಷ್ಟೆಂದು ಬರೆದಿಲ್ಲವಲ್ಲ’ ಎಂದು ಜಾಣತನ ತೋರಿಸುವವರು ಅದೇ ವರ್ಷದ ತಿದ್ದುಪಡಿಯನ್ನೂ ಓದಲಿ. ಅನುಮತಿಯಿಲ್ಲದೆ ಬಿಡಿಭಾಗ ಕೂಡಿಸಿ ಗಾಡಿ ಮಾರ್ಪಡಿಸಿದ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಯನ್ನೇ. ಹಿಂದೆ ಕೂತ ಆಳುಕಾಳುಗಳ ಗತಿಯೇನು ಎಂದು ಯೋಚಿಸದೆ ಇರಲು ನನ್ನಿಂದ ಆಗುವುದಿಲ್ಲ.

‘ನಾಲ್ಕೂ ಗಾಲಿ ಎಳೆದರೆ ಹೂಳುವುದೇ ಇಲ್ಲ’ ಎಂಬ ಮಾತಿಗೆ ನಮ್ಮ ಎರೆ ಮಣ್ಣೇ ಉತ್ತರ ಕೊಡುತ್ತದೆ. ನೆನೆದ ಎರೆ ಟೈರಿನ ಕಚ್ಚುಗಳಲ್ಲಿ ತುಂಬಿ ಟೈರನ್ನು ನುಣುಪು ಮಾಡುತ್ತದೆ. ಮಡ್‌ಗಾರ್ಡ್ ಒಳಗೆ ಮೆತ್ತಿ ಮೆತ್ತಿ ಕೊನೆಗೆ ಗಾಲಿ ತಿರುಗಲೂ ಜಾಗ ಬಿಡುವುದಿಲ್ಲ, ಕಬ್ಬಿಣದ ಸಲಾಕೆಯಿಂದ ಕೆತ್ತಿ ತೆಗೆಯಬೇಕು. ಸಾದಾ ಡಿಫರೆನ್ಷಿಯಲ್ ಇದ್ದರೆ ಹಿಡಿತವಿಲ್ಲದ ಗಾಲಿಯೇ ಸುತ್ತುತ್ತದೆ. ಮುಂದಿನದೊಂದು, ಹಿಂದಿನದೊಂದು ಗಾಲಿ ಹೀಗೆ ಸುತ್ತಿದರೆ ಫೋರ್ ಬೈ ಫೋರ್ ಕೂಡ ನಿಂತಲ್ಲೇ ನಿಲ್ಲುತ್ತದೆ. ಹೀಗಾಗದಿರಲೆಂದೇ ಬೊಲೆರೊ ನಿಯೊದ ಎನ್10 ಆಪ್ಷನ್‌ ಮಾದರಿಯಲ್ಲಿ ಟೂ ವೀಲ್ ಆಗಿದ್ದೂ ಹಿಂದಿನ ಡಿಫರೆನ್ಷಿಯಲ್ ತಾನೇ ಲಾಕ್ ಆಗುವ ವ್ಯವಸ್ಥೆಯನ್ನು ಕಂಪನಿಯೇ ಕೊಟ್ಟಿದೆ. ಹಗರಿ ಹೊಳೆಯ ಮರಳಿನಲ್ಲಾದರೆ ಟೈರಿನ ಗಾಳಿ 20 ಪಿಎಸ್‌ಐ ಆಸುಪಾಸಿಗೆ ಇಳಿಸಿದರೆ ಟೂ ವೀಲ್ ಗಾಡಿಗೂ ಹಿಡಿತ ಸಿಗುತ್ತದೆ. ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು.

ಸಿರುಗುಪ್ಪ ಕಡೆಯ ಭತ್ತದ ರೈತರು ‘ನಮ್ಮ ಟ್ರ್ಯಾಕ್ಟರಿಗೂ ಇದೇ ಮಾತೇ?’ ಎಂದು ಕೇಳಬಹುದು. ಕೆಸರುಗದ್ದೆಯಲ್ಲಿ ಮುಂದಿನ ಗಾಲಿಯ ಎಳೆತ ನಿಜಕ್ಕೂ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಫೋರ್ ವೀಲ್ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಶೇ. 1ರಿಂದ 5ರಷ್ಟು ಮಾತ್ರ ಹೆಚ್ಚು ಓಡುವಂತೆ ಟೈರಿನ ಅಳತೆ ನೋಡಿಯೇ ಗೇರು ಹೊಂದಿಸಿರುತ್ತಾರೆ. ಬೇರೆ ಮಾದರಿಯ ಆಕ್ಸಲ್ ತಂದು ಕಟ್ಟಿದರೆ ಆ ಹೊಂದಾಣಿಕೆ ತಪ್ಪುತ್ತದೆ. ಟ್ರ್ಯಾಕ್ಟರೂ ನೋಂದಣಿಯಾದ ವಾಹನವೇ, ಕಾಯ್ದೆ ಅದಕ್ಕೂ ಅನ್ವಯಿಸುತ್ತದೆ.

ಹಲಕುಂದಿ, ಕುರುಗೋಡು, ಸಿರುಗುಪ್ಪದ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ. ನಿಜವಾಗಿ ಫೋರ್ ಬೈ ಫೋರ್ ಬೇಕಿದ್ದರೆ ಇರುವ ಗಾಡಿ ಮಾರಿ, ಕಾರ್ಖಾನೆಯಲ್ಲೇ ಹಾಗೆ ತಯಾರಾದ ಹಳೆಯ ಗಾಡಿಯೊಂದನ್ನು, ಆರ್‌ಸಿ ಮತ್ತು ಚೇಸಿ ನಂಬರ್ ತಾಳೆ ನೋಡಿ ಕೊಳ್ಳಿ. ಅಷ್ಟು ಅಗತ್ಯವಿಲ್ಲದವರು ಈ ಮಳೆಗಾಲಕ್ಕೆ ಮುಂಚೆ ಹಿಂದಿನ ಎರಡು ಟೈರ್ ಬದಲಿಸಿ, ಗಾಡಿಯಲ್ಲಿ ಒಂದು ಗಟ್ಟಿ ಹಗ್ಗವನ್ನೂ ಸಲಾಕೆಯನ್ನೂ ಇಟ್ಟುಕೊಳ್ಳಿ.